ಮೆಕಾಯ್ 60 ಎಂಜಿನ್ನಿನ ತಂತಿ ಕಾರು: ಬಿಚ್ಚಿ, ತೊಳೆದು, ಮತ್ತೆ ಓಡಿಸುವವರೆಗೆ

ಮೇಜಿನ ಮೇಲಿರುವುದು 1940ರ ದಶಕದ ಕೊನೆಯ ಅಮೆರಿಕನ್ ಟೆದರ್ ಕಾರು, ಅಂದರೆ ಚಾಲಕನಿಲ್ಲದ ಪುಟ್ಟ ಮಾದರಿ ರೇಸ್ ಕಾರು. ನಡುಗಂಬಕ್ಕೆ ಉಕ್ಕಿನ ತಂತಿಯಿಂದ ಕಟ್ಟಿ, 70 ಅಡಿ ವ್ಯಾಸದ ಕಾಂಕ್ರೀಟ್ ವೃತ್ತದಲ್ಲಿ ಅಪ್ರದಕ್ಷಿಣವಾಗಿ ಓಡಿಸುವ ಜಾತಿಯದು. ಅಡಿಭಾಗ ಒಂದೇ ಎರಕದ ಲೋಹದ ಪ್ಯಾನ್, ಮೇಲೆ ಬಡಿದು ಮಾಡಿದ ಅಲ್ಯೂಮಿನಿಯಂ ಮುಚ್ಚಳ. ಎಂಜಿನ್ ಸ್ಪಾರ್ಕ್ ಪ್ಲಗ್ಗಿನ ಮೆಕಾಯ್ 60. ಹಿಂದಿನ ಚಕ್ರಗಳಿಗೆ ಬೆವೆಲ್ ಗೇರಿನ (ತಿರುಗುವಿಕೆಯನ್ನು ಅಡ್ಡಕ್ಕೆ ಹೊರಳಿಸುವ ಓರೆ ಹಲ್ಲಿನ ಗೇರು) ಮೂಲಕ ನೇರ ಚಾಲನೆ. ಕ್ಲಚ್ ಇಲ್ಲ, ಗೇರ್ ಬದಲಿಸುವ ವ್ಯವಸ್ಥೆಯೂ ಇಲ್ಲ. ತೂಕ ಸುಮಾರು 3 ಕೆ.ಜಿ.

ಪ್ಯಾನಿನ ಮೇಲೆ ತಯಾರಕರ ಹೆಸರಿಲ್ಲ. ಇದು ಅಪರೂಪವೇನಲ್ಲ. ಲಾಸ್ ಏಂಜಲಿಸ್‌ನ ಡೂಲಿಂಗ್ ಸಹೋದರರು ಮರ್ಕ್ಯುರಿ, ಫ್ರಾಗ್, ಆ್ಯರೋ ಎಂಬ ಹೆಸರುಗಳಲ್ಲಿ ಪೂರ್ತಿ ಕಾರುಗಳನ್ನು ಮಾರುತ್ತಿದ್ದರು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ರೂಲ್ ಕಾರು ತಯಾರಾಗುತ್ತಿತ್ತು. ಸ್ಟ್ಯಾನ್ಲಿ ಹಿಲ್ಲರ್ ಎಂಬ ಹದಿಹರೆಯದ ಹುಡುಗ ಕ್ಯಾಲಿಫೋರ್ನಿಯಾದಲ್ಲಿ ಹಿಲ್ಲರ್ ಕಾಮೆಟ್ ಎರಕ ಹೊಯ್ಯಿಸಿ ಮಾರಿದ, ಮುಂದೆ ಹೆಲಿಕಾಪ್ಟರ್ ಕಟ್ಟಿ ಹೆಸರಾದ. ಆದರೆ ಎಂಜಿನ್ ಮಾತ್ರ ಕೊಂಡು, ಉಳಿದದ್ದನ್ನು ಪರಿಚಯದ ಎರಕದ ಅಂಗಡಿಯಲ್ಲೋ ಸ್ವಂತ ಲೇತಿನಲ್ಲೋ ಮಾಡಿಕೊಂಡವರೂ ಇದ್ದರು. ಅಂಥ ಕಾರಿಗೆ ಯಾವ ಕೈಪಿಡಿಯೂ ಇಲ್ಲ. ಅದನ್ನು ಮಾಡಿದವರ ಯೋಚನೆಯನ್ನು ಭಾಗಗಳಿಂದಲೇ ತಿಳಿಯಬೇಕು. ಹಾಗಾಗಿ ದುರಸ್ತಿಯಲ್ಲಿ ಮೊದಲ ನಿಯಮ: ಅರ್ಥವಾಗುವವರೆಗೆ ಏನನ್ನೂ ಅರದಿಂದ ಉಜ್ಜಬೇಡಿ, ಪಾಲಿಶ್ ಮಾಡಬೇಡಿ, ಎಸೆಯಬೇಡಿ. ಕನ್ನಡಿಯಂತೆ ಹೊಳೆಯುವ ಪ್ಯಾನಿಗಿಂತ ಅರದ ಗೆರೆ ಉಳಿದಿರುವ ಪ್ಯಾನ್ ಹೆಚ್ಚು ಬೆಲೆಯುಳ್ಳದ್ದು ಎಂಬುದು ನಮ್ಮ ಖಚಿತ ನಿಲುವು.

ಕೈಗೆ ಬಂದಾಗಿನ ಸ್ಥಿತಿ

ಎಂಜಿನ್ ತಿರುಗುತ್ತಿಲ್ಲ. ಒಳಗೆ ಹರಳೆಣ್ಣೆ ಗಟ್ಟಿಯಾಗಿ ಕಂದು ವಾರ್ನಿಶ್ ಆಗಿದೆ. ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟುಗಳು ಗುಳಿಬಿದ್ದಿವೆ. ಟೈರುಗಳು ಕಲ್ಲಿನಂತಾಗಿ ಬಿರುಕುಬಿಟ್ಟಿವೆ. ಹಿತ್ತಾಳೆ ಟ್ಯಾಂಕಿನ ಒಂದು ಮೂಲೆ ಸೋರುತ್ತದೆ. ತಂತಿ ಸಿಕ್ಕಿಸುವ ಎಡಬದಿಯ ಉಕ್ಕಿನ ಕೈ, ಅಂದರೆ ಪ್ಯಾನ್‌ಹ್ಯಾಂಡಲ್, ಬುಡದಲ್ಲಿ ಬಾಗಿದೆ. ಇಗ್ನಿಷನ್ ಕಾಯಿಲ್ ಇದೆ, ಬ್ಯಾಟರಿ ಪೆಟ್ಟಿಗೆ ಇಲ್ಲ.

ಆ ಪಾಯಿಂಟುಗಳನ್ನು ಹೊತ್ತು ಕಿಡಿಯ ಸಮಯ ನಿರ್ಧರಿಸುವ ಟೈಮರ್ ಉಳಿದಿರುವುದು ದೊಡ್ಡ ಅದೃಷ್ಟ. 1947ರ ಕೊನೆಗೆ ರೇ ಆರ್ಡನ್, ಕಿಡಿಯಿಲ್ಲದೆ ಕಾದ ತಂತಿಸುರುಳಿಯಿಂದಲೇ ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಮಾರುಕಟ್ಟೆಗೆ ತಂದ ಮೇಲೆ, ಕಾರಿನ ಮಾಲೀಕರು ಕಾಯಿಲ್, ಕಂಡೆನ್ಸರ್, ಬ್ಯಾಟರಿ, ಪಾಯಿಂಟುಗಳನ್ನೆಲ್ಲ ಕಿತ್ತು ಹಾಕತೊಡಗಿದರು. ತೂಕ ಇಳಿಯಿತು, ಕೆಡುವ ವಸ್ತುಗಳು ಕಡಿಮೆಯಾದವು. ಆದ್ದರಿಂದಲೇ ಆ ಕಾಲದ ಎಂಜಿನ್ನುಗಳಲ್ಲಿ ಇಂದು ಅತಿ ಹೆಚ್ಚು ಕಾಣೆಯಾಗಿರುವ ಭಾಗ ಟೈಮರ್. ಅದು ಇರುವ ಕಾರನ್ನು ಗ್ಲೋಗೆ ಬದಲಿಸುವುದು ಬೇಡ. ಇದನ್ನು ಸ್ಪಾರ್ಕಿನಲ್ಲೇ ಓಡಿಸುವುದೆಂದು ಇಟ್ಟುಕೊಂಡು ಕೆಲಸ ಶುರು.

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ, ಮೇಲಿನಿಂದ, ಕೆಳಗಿನಿಂದ ಫೋಟೊ. ಪ್ರತಿ ಸ್ಕ್ರೂ ಯಾವ ತೂತಿನದೋ ಆ ಕ್ರಮದಲ್ಲಿ ರಟ್ಟಿಗೆ ಚುಚ್ಚಿ ಇಡಬೇಕು. ಕೈಯಿಂದ ಮಾಡಿದ ಕಾರಿನಲ್ಲಿ ಒಂದೇ ಅಳತೆಯ ಎರಡು ಸ್ಕ್ರೂಗಳೂ ಅದಲುಬದಲಾದರೆ ಕೂರುವುದಿಲ್ಲ. ಎಲ್ಲವೂ ಅಮೆರಿಕನ್ ಮರೆ (ಸ್ಕ್ರೂವಿನ ಸುರುಳಿ ಗೆರೆ): 4-40, 5-40, 6-32, 10-32. ಮೊದಲ ಅಂಕಿ ಸ್ಕ್ರೂವಿನ ದಪ್ಪದ ಸಂಖ್ಯೆ, ಎರಡನೆಯದು ಇಂಚಿಗೆ ಎಷ್ಟು ಮರೆ ಎಂಬುದು. ಇಲ್ಲಿ ನಮ್ಮ ಊರಿನ ಓದುಗರಿಗೆ ಒಂದು ಎಚ್ಚರಿಕೆ. 4-40 ಸ್ಕ್ರೂವಿನ ವ್ಯಾಸ 2.84 ಮಿ.ಮೀ., ಪಿಚ್ (ಒಂದು ಮರೆಯಿಂದ ಮುಂದಿನದಕ್ಕೆ ಇರುವ ದೂರ) 0.635 ಮಿ.ಮೀ. ನಮ್ಮಲ್ಲಿ ಎಲ್ಲೆಡೆ ಸಿಗುವ 3 ಮಿ.ಮೀ. ಸ್ಕ್ರೂವಿನ ಪಿಚ್ 0.5. ಎರಡು ಸುತ್ತು ಒಳಗೆ ಹೋದ ಹಾಗೆ ಅನ್ನಿಸುತ್ತದೆ, ಮೂರನೆಯದಕ್ಕೆ ಎರಕದ ಮರೆ ಪುಡಿಯಾಗಿ ಹೊರಬರುತ್ತದೆ. ಇಂಚಿನ ಸ್ಕ್ರೂಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಲೋಹ ಯಾವುದೆಂದು ನೋಡಿಕೊಳ್ಳುವುದು

ಆ ಕಾಲದ ರೇಸ್ ಕಾರುಗಳಲ್ಲಿ ಅಲ್ಯೂಮಿನಿಯಂ ಎರಕವೂ ಇದೆ, ಮೆಗ್ನೀಸಿಯಂ ಎರಕವೂ ಇದೆ. ಕಣ್ಣಿಗೆ ಎರಡೂ ಒಂದೇ. ತೊಳೆಯುವ ಮೊದಲು ಪ್ಯಾನಿನ ಒಳಬದಿಯ ಕಾಣದ ಜಾಗದಲ್ಲಿ ಬಣ್ಣ ಕೆರೆದು, ಒಂದು ಹನಿ ವಿನೆಗರ್ ಇಟ್ಟು ನೋಡಿ. ಮೆಗ್ನೀಸಿಯಂ ಆದರೆ ತಕ್ಷಣ ನೊರೆಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಆದರೆ ಹನಿ ಸುಮ್ಮನೆ ಕೂತಿರುತ್ತದೆ. ನೋಡಿದ ಕೂಡಲೇ ನೀರಿನಿಂದ ಒರೆಸಿ.

ಇದು ಏಕೆ ಮುಖ್ಯ ಎಂದರೆ, ಎರಡರ ಶತ್ರುಗಳು ಬೇರೆ ಬೇರೆ. ಮೆಗ್ನೀಸಿಯಂ ಅನ್ನು ಆಮ್ಲ ತಿನ್ನುತ್ತದೆ: ನಿಂಬೆ, ಹುಣಸೆ, ವಿನೆಗರ್, ತುಕ್ಕು ತೆಗೆಯುವ ದ್ರಾವಣ ಯಾವುದೂ ಬೇಡ. ಅಲ್ಯೂಮಿನಿಯಂ ಅನ್ನು ಕ್ಷಾರ ತಿನ್ನುತ್ತದೆ: ಕಾಸ್ಟಿಕ್ ಸೋಡಾ, ಒಲೆ ತೊಳೆಯುವ ಘಾಟಿನ ದ್ರಾವಣ ಹಾಕಿದರೆ ಎರಕ ಕಪ್ಪಾಗಿ ಗುಳಿಬೀಳುತ್ತದೆ. ಮೆಗ್ನೀಸಿಯಂ ಅರದ ಪುಡಿ ಬೆಂಕಿ ಹಿಡಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬೆಂಕಿ ಹೆಚ್ಚುತ್ತದೆ. ಒಣ ಮರಳಿನ ಡಬ್ಬಿ ಪಕ್ಕದಲ್ಲಿರಲಿ, ಗ್ರೈಂಡರ್ ದೂರವಿರಲಿ.

ಈ ಕಾರಿನ ಪ್ಯಾನ್ ಅಲ್ಯೂಮಿನಿಯಂ ಎಂದು ಗೊತ್ತಾಯಿತು.

ಅಂಟಿದ ಎಂಜಿನ್ ಬಿಡಿಸುವುದು

ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಕ್ಸಾಸ್ಟ್ ಪೋರ್ಟಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಪಿಸ್ಟನ್ ತಡೆದು ನಟ್ಟು ಬಿಚ್ಚುವ ಚಾಳಿ ಇನ್ನೂ ಇದೆ. ಹಾಳಾದ ಹಳೆಯ ಎಂಜಿನ್ನುಗಳಲ್ಲಿ ಪೋರ್ಟಿನ ಅಂಚು ಜಜ್ಜಿರುವುದಕ್ಕೂ ರಿಂಗು ಮುರಿದಿರುವುದಕ್ಕೂ ಬಹುಪಾಲು ಅದೇ ಕಾರಣ.

ಗಟ್ಟಿಯಾದ ಹರಳೆಣ್ಣೆ ಸೀಮೆಎಣ್ಣೆಗೂ ಪೆಟ್ರೋಲಿಗೂ ಜಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಬಿಸಿ ಮತ್ತು ಮೆಥನಾಲ್ ಅಥವಾ ಅಸಿಟೋನ್. ಮೊದಲು ಪ್ಲಗ್ ತೂತಿನಿಂದಲೂ ಪೋರ್ಟಿನಿಂದಲೂ ಮೆಥನಾಲ್ ತುಂಬಿ ಒಂದು ರಾತ್ರಿ ಬಿಡಬೇಕು. ಮರುದಿನ ಅದನ್ನು ಪೂರ್ತಿ ಬಸಿದು, ಆವಿ ಹೋಗುವವರೆಗೆ ಹೊರಗೆ ಗಾಳಿಗೆ ಇಟ್ಟು, ಆಮೇಲೆ ಹಾಟ್ ಏರ್ ಗನ್ನಿನಿಂದ 100ರಿಂದ 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ನೀರಿನ ಹನಿ ಬಿದ್ದರೆ ಚುರ್ರೆಂದು ಹಾರಿಹೋಗುವಷ್ಟು ಬಿಸಿ ಸಾಕು. ಆಗ ಫ್ಲೈವ್ಹೀಲ್ ಅನ್ನು ದಪ್ಪ ಕೈಗವಸಿನಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಿದರೆ ಬಿಡುತ್ತದೆ. ಮೆಥನಾಲ್ ಇನ್ನೂ ಒಳಗಿರುವಾಗ ಹಾಟ್ ಏರ್ ಗನ್ ಹಿಡಿಯಲೇಬಾರದು. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದು ವಿಷವೂ ಹೌದು, ಚರ್ಮದ ಮೂಲಕವೂ ಒಳಸೇರುತ್ತದೆ. ನೈಟ್ರೈಲ್ ಕೈಗವಸು ಕಡ್ಡಾಯ.

ಬಿಚ್ಚಿದ ಅಲ್ಯೂಮಿನಿಯಂ ಭಾಗಗಳ ವಾರ್ನಿಶ್ ತೆಗೆಯಲು ಕಾರಿನ ರೇಡಿಯೇಟರ್ ಕೂಲೆಂಟಿನಲ್ಲಿ, ಅಂದರೆ ಎಥಿಲೀನ್ ಗ್ಲೈಕಾಲ್‌ನಲ್ಲಿ, ಕುದಿಯದ ಹದಬಿಸಿಯಲ್ಲಿ ಹಲವು ಗಂಟೆ ಇಡುವ ವಿಧಾನ ಸಂಗ್ರಾಹಕರಲ್ಲಿ ರೂಢಿಯಲ್ಲಿದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದಕ್ಕೆ ಮೂರು ಷರತ್ತು. ಬಣ್ಣವಿರುವ ಭಾಗ ಅದರಲ್ಲಿ ಹೋಗಕೂಡದು: ಮೆಕಾಯ್ ರೇಸಿಂಗ್ ಎಂಜಿನ್ನಿನ ಗುರುತೇ ಆ ಕೆಂಪು ಹೆಡ್, ಬಣ್ಣ ಸುಲಿದರೆ ಮತ್ತೆ ಹಳೆಯದರಂತೆ ಬರುವುದಿಲ್ಲ. ಮೆಗ್ನೀಸಿಯಂ ಭಾಗ ಹೋಗಕೂಡದು. ಬಳಸುವ ಪಾತ್ರೆ ಮತ್ತೆಂದೂ ಅಡುಗೆಮನೆಗೆ ಹೋಗಕೂಡದು.

ಬಿಚ್ಚಿದಾಗ ಕಂಡ ಎಂಜಿನ್

ಡಿಕ್ ಮೆಕಾಯ್ ಹಾಲಿವುಡ್‌ನ ಡ್ಯೂರೋ-ಮ್ಯಾಟಿಕ್ ಪ್ರಾಡಕ್ಟ್ಸ್‌ಗಾಗಿ ರೂಪಿಸಿದ ಈ ಎಂಜಿನ್ನಿನ ಬೋರ್ 0.940 ಇಂಚು, ಸ್ಟ್ರೋಕ್ 0.875 ಇಂಚು. ಲೆಕ್ಕ ಹಾಕಿದರೆ 0.607 ಘನ ಇಂಚು, 10 ಸಿ.ಸಿ.ಗೆ ಕೂದಲೆಳೆಯಷ್ಟು ಕಡಿಮೆ. ಹತ್ತು ವರ್ಷ ಹಿಂದಿನ ಬ್ರೌನ್ ಜೂನಿಯರ್ ಜೊತೆ ಇದನ್ನು ಹೋಲಿಸಬೇಕು. ಫಿಲಡೆಲ್ಫಿಯಾದ ಬಿಲ್ ಬ್ರೌನ್ ಮಾಡಿದ ಆ ಎಂಜಿನ್ನಿಗೆ ಬೋರ್ 7/8 ಇಂಚು, ಸ್ಟ್ರೋಕ್ 1 ಇಂಚು. ಗಾತ್ರ ಹೆಚ್ಚುಕಡಿಮೆ ಒಂದೇ, ಆದರೆ ಅದು ವಿಮಾನದ ಪ್ರೊಪೆಲ್ಲರ್ ತಿರುಗಿಸಲು ಉದ್ದ ಸ್ಟ್ರೋಕಿನದು. ಮೊದಮೊದಲ ಮಾದರಿ ಕಾರುಗಳು ಓಡಿದ್ದು ಅಂಥ ವಿಮಾನದ ಎಂಜಿನ್ನಿನಿಂದಲೇ. ಕಾರಿಗೆಂದೇ ಎಂಜಿನ್ ಬಂದಾಗ ಸ್ಟ್ರೋಕ್ ಕುಗ್ಗಿತು, ಬೋರ್ ಹಿಗ್ಗಿತು, ಸುತ್ತು ಏರಿತು. ಡೂಲಿಂಗ್ 61 ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು: ಬೋರ್ 1.015, ಸ್ಟ್ರೋಕ್ 0.750. ಫ್ರೆಸ್ನೊದ ರೇ ಸ್ನೋ ತಯಾರಿಸಿದ ಹಾರ್ನೆಟ್ ಕೂಡ ಇದೇ ವರ್ಗದ ಪೈಪೋಟಿಗಾರ. ಈ ಮೂರು ಎಂಜಿನ್ನುಗಳ ಸ್ಪರ್ಧೆಯೇ ಯುದ್ಧಾನಂತರದ ಕೆಲವು ವರ್ಷಗಳ ಟ್ರ್ಯಾಕ್ ಇತಿಹಾಸ ಎಂದರೆ ಅತಿಶಯವಲ್ಲ.

ಕ್ರ್ಯಾಂಕ್ ಎರಡು ಬಾಲ್ ಬೇರಿಂಗ್ ಮೇಲೆ ಕೂತಿದೆ. ಇಂಧನ ಒಳಬರುವುದು ಹಿಂಭಾಗದ ತಿರುಗುವ ಡಿಸ್ಕ್ ಮೂಲಕ. ಅಲ್ಯೂಮಿನಿಯಂ ಪಿಸ್ಟನ್, ಎರಡು ರಿಂಗು, ತಲೆಯ ಮೇಲೆ ಒಂದು ದಿಬ್ಬ.

ಈ ದಿಬ್ಬದ ಬಗ್ಗೆ ವಿವರವಾಗಿ ಹೇಳಲೇಬೇಕು. ಒಂದು ಬದಿಯ ಪೋರ್ಟಿನಿಂದ ಒಳಬಂದ ತಾಜಾ ಮಿಶ್ರಣ ನೇರ ಎದುರಿನ ಎಕ್ಸಾಸ್ಟ್ ಪೋರ್ಟಿಗೆ ಓಡಿಹೋಗದಂತೆ ಮೇಲಕ್ಕೆ ತಿರುಗಿಸುವುದೇ ಅದರ ಕೆಲಸ. ಅದರ ಕಡಿದಾದ ಗೋಡೆ ಇಂಧನ ಬರುವ ಪೋರ್ಟಿನ ಕಡೆ, ಇಳಿಜಾರು ಎಕ್ಸಾಸ್ಟ್ ಕಡೆ ಇರಬೇಕು. ತಿರುಗುಮುರುಗಾಗಿ ಜೋಡಿಸಿದರೆ ಎಂಜಿನ್ ಹೊಗೆ ಕಾರುತ್ತದೆ, ಬಿಸಿಯಾಗುತ್ತದೆ, ಬಲ ಕೊಡುವುದಿಲ್ಲ. ಹೆಡ್ಡಿನ ಒಳಗೂ ಆ ದಿಬ್ಬಕ್ಕೆ ಜಾಗ ಕೊರೆದಿರುತ್ತಾರೆ. ಹೆಡ್ ಅನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸ್ಕ್ರೂಗಳೆಲ್ಲ ಸರಿಯಾಗಿಯೇ ಹೋಗುತ್ತವೆ, ಆದರೆ ಪಿಸ್ಟನ್ ಮೇಲೆ ಬಂದಾಗ ದಿಬ್ಬ ಹೆಡ್ಡಿಗೆ ಬಡಿಯುತ್ತದೆ. ಅದಕ್ಕೇ ಬಿಚ್ಚುವಾಗಲೇ ಹೆಡ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್, ರಾಡ್ ನಾಲ್ಕಕ್ಕೂ ಎಕ್ಸಾಸ್ಟ್ ಬದಿಯಲ್ಲಿ ಮಾರ್ಕರ್ ಪೆನ್ನಿನ ಚುಕ್ಕಿ. ಪಂಚ್ ಗುರುತು ಬೇಡ.

ರಿಂಗುಗಳ ತಪಾಸಣೆ: ಪಿಸ್ಟನ್ನಿನಿಂದ ತೆಗೆದ ರಿಂಗನ್ನು ಖಾಲಿ ಲೈನರ್ ಒಳಗಿಟ್ಟು, ಪಿಸ್ಟನ್ನಿನಿಂದಲೇ ತಳ್ಳಿ ನೇರ ಮಾಡಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ, ಅಂದರೆ ಗೊತ್ತಾದ ದಪ್ಪದ ತೆಳು ಪಟ್ಟಿಗಳಿಂದ, ಅಳೆಯಬೇಕು. ಈ ಬೋರಿಗೆ 0.05ರಿಂದ 0.10 ಮಿ.ಮೀ. ಒಳ್ಳೆಯದು. ಕಡಿಮೆಯಾದರೆ ಬಿಸಿಗೆ ಹಿಗ್ಗಿ ತುದಿಗಳು ಒಂದಕ್ಕೊಂದು ಗುದ್ದಿ ರಿಂಗು ಮುರಿಯುತ್ತದೆ. ತುಂಬ ಹೆಚ್ಚಾದರೆ ಕಂಪ್ರೆಷನ್ ಸೋರುತ್ತದೆ, ಸ್ಟಾರ್ಟ್ ಮಾಡುವುದು ಕಷ್ಟ. ಜೋಡಿಸುವಾಗ ತುದಿಗಳು ಪೋರ್ಟಿನ ಕಿಟಕಿಯ ಎದುರು ಬರದಂತೆ, ಎರಡು ರಿಂಗುಗಳ ಸಂದು ಒಂದೇ ನೇರದಲ್ಲಿ ಬಾರದಂತೆ ಇಡಬೇಕು. ರಿಂಗು ಕೂರುವ ತೋಡಿನ ಕಾರ್ಬನ್ ಕೆರೆಯಲು ಬಿದಿರಿನ ಕಡ್ಡಿ ಸಾಕು, ಬ್ಲೇಡ್ ಬೇಡ.

ಬೇರಿಂಗ್ ಎರಡೂ ತುಕ್ಕು ಹಿಡಿದು ಗರಗರ ಎನ್ನುತ್ತಿವೆ. ಕ್ರ್ಯಾಂಕ್‌ಕೇಸ್ ಅನ್ನು 130 ಡಿಗ್ರಿಯ ಆಸುಪಾಸಿಗೆ ಓವನ್ನಿನಲ್ಲಿ ಕಾಯಿಸಿ ಮರದ ಹಲಗೆಗೆ ಸಮತಟ್ಟಾಗಿ ಕುಕ್ಕಿದರೆ ಹಿಂದಿನ ಬೇರಿಂಗ್ ತಾನಾಗಿ ಬೀಳುತ್ತದೆ. ಎಳೆದು ತೆಗೆಯುವ ಪ್ರಯತ್ನ ಬೇಡ. ಹೊಸದು ಇಂಚಿನ ಅಳತೆಯದೇ ಆಗಬೇಕು: ಒಳವ್ಯಾಸ, ಹೊರವ್ಯಾಸ, ಅಗಲ ಮೂರನ್ನೂ ಮೈಕ್ರೋಮೀಟರಿನಲ್ಲಿ ಅಳೆದ ಮೇಲೆ ಕೊಳ್ಳಿ. ಹಿಂದಿನದಕ್ಕೆ ರಬ್ಬರ್ ಸೀಲ್ ಇದ್ದರೆ ಕಿತ್ತುಹಾಕಿ, ಇಂಧನದೊಡನೆ ಬರುವ ಎಣ್ಣೆಯೇ ಅದರ ಲೂಬ್ರಿಕೇಷನ್.

ಡಿಸ್ಕಿಗೂ ಹಿಂಬದಿಯ ಪ್ಲೇಟಿಗೂ ನಡುವೆ 0.05ರಿಂದ 0.10 ಮಿ.ಮೀ. ಸಡಿಲವಿರಲಿ. ಬಿಗಿಯಾದರೆ ಬಿಸಿಯಾದಾಗ ಹಿಡಿದುಕೊಳ್ಳುತ್ತದೆ. ಸಡಿಲವಾದರೆ ಕ್ರ್ಯಾಂಕ್‌ಕೇಸಿನ ಒತ್ತಡ ಸೋರಿ, ಹಿಂದಕ್ಕೆ ಉಗುಳುತ್ತದೆ. ಪ್ಲೇಟಿನ ಗ್ಯಾಸ್ಕೆಟ್ ದಪ್ಪದಿಂದಲೇ ಇದು ನಿರ್ಧಾರವಾಗುವುದರಿಂದ, ಹಳೆಯ ಗ್ಯಾಸ್ಕೆಟ್ ಹರಿದಿದ್ದರೂ ದಪ್ಪ ಅಳೆದಿಟ್ಟುಕೊಳ್ಳಬೇಕು.

ಕಿಡಿಯ ವ್ಯವಸ್ಥೆ

ಪಾಯಿಂಟುಗಳ ಗುಳಿಯನ್ನು ಸಣ್ಣ ಎಣ್ಣೆಕಲ್ಲಿನಲ್ಲಿ ಸಮ ಮಾಡಿ, ಉಪ್ಪುಕಾಗದ ಮುಟ್ಟಿಸಬೇಡಿ. ಅದರ ಹರಳು ಲೋಹದಲ್ಲಿ ಹೂತು ಸಂಪರ್ಕ ಕೆಡಿಸುತ್ತದೆ. ಪಾಯಿಂಟು ಪೂರ್ತಿ ತೆರೆದಾಗ 0.20ರಿಂದ 0.25 ಮಿ.ಮೀ., ಪ್ಲಗ್ಗಿನ ಸಂದು 0.4 ಮಿ.ಮೀ. ಮಾದರಿ ಎಂಜಿನ್ನುಗಳಲ್ಲಿ 3/8-24, 1/4-32 ಎಂದು ಎರಡು ಪ್ಲಗ್ ಮರೆಗಳಿವೆ, ತರಿಸುವ ಮೊದಲು ಹೆಡ್ ಅಳೆಯಿರಿ. ಕಂಡೆನ್ಸರ್ ಹಳೆಯದನ್ನು ನಂಬಬೇಡಿ: ಅದರ ಡಬ್ಬಿಯನ್ನು ಜಾಗದಲ್ಲೇ ಬಿಟ್ಟು, 0.1 ಮೈಕ್ರೊಫ್ಯಾರಡ್, 400 ವೋಲ್ಟಿನ ಹೊಸ ಫಿಲ್ಮ್ ಕೆಪಾಸಿಟರ್ ಅನ್ನು ಹತ್ತಿರದಲ್ಲಿ ಮರೆಯಾಗಿ ಕೂರಿಸಿ. ಕಂಡೆನ್ಸರ್ ಸತ್ತಿದ್ದರೆ ಪಾಯಿಂಟಿನಲ್ಲಿ ದೊಡ್ಡ ನೀಲಿ ಕಿಡಿ ಕಾಣುತ್ತದೆ, ಪ್ಲಗ್ಗಿನಲ್ಲಿ ಸಣಕಲು ಕಿಡಿ.

ಕಾಯಿಲ್ ಪ್ರೈಮರಿ ಒಂದು ಓಮಿನ ಆಚೀಚೆ ಇರುವುದರಿಂದ 3 ವೋಲ್ಟಿಗೇ ಮೂರು ಆಂಪಿಯರ್‌ವರೆಗೆ ಎಳೆಯುತ್ತದೆ. ಪಾಯಿಂಟು ಮುಚ್ಚಿದ ಸ್ಥಿತಿಯಲ್ಲಿ ಸ್ವಿಚ್ ಹಾಕಿ ಮರೆತರೆ ಕಾಯಿಲ್ ಸುಡುತ್ತದೆ, ಬ್ಯಾಟರಿ ಸಾಯುತ್ತದೆ. ಎಂಜಿನ್ ನಿಲ್ಲಿಸಿದಾಗ ಪಾಯಿಂಟು ತೆರೆದಿರುವಂತೆ ಫ್ಲೈವ್ಹೀಲ್ ತಿರುಗಿಸಿಡುವ ಅಭ್ಯಾಸ ಮಾಡಿಕೊಳ್ಳಿ. ಬ್ಯಾಟರಿ ಪೆಟ್ಟಿಗೆ ಹೊಸದಾಗಿ ಮಾಡಬೇಕಾಯಿತು: ಎರಡು ಎಎ ಅಳತೆಯ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್, ಬೆಸುಗೆ ಹಾಕಿದ ಪಟ್ಟಿ. ಸ್ಪ್ರಿಂಗ್ ಹಿಡಿತದ ಪೆಟ್ಟಿಗೆ ಇಲ್ಲಿ ನಡೆಯುವುದಿಲ್ಲ, ತಿರುವಿನ ಬಲಕ್ಕೆ ಸೆಲ್ ಸರಿದು ಸಂಪರ್ಕ ತಪ್ಪಿ ಎಂಜಿನ್ ತೊದಲುತ್ತದೆ.

ಟ್ರಾನ್ಸಿಸ್ಟರ್ ಸ್ವಿಚ್ ಸೇರಿಸಿದರೆ ಪಾಯಿಂಟಿನ ಮೂಲಕ ಹರಿಯುವ ಕರೆಂಟ್ ಅತಿ ಕಡಿಮೆಯಾಗಿ ಹಳೆಯ ಪಾಯಿಂಟು ಬಹುಕಾಲ ಬಾಳುತ್ತದೆ. ಇದನ್ನು ನಾವು ಒಪ್ಪುತ್ತೇವೆ, ಏಕೆಂದರೆ ಅಪರೂಪದ ಭಾಗ ಉಳಿಯುತ್ತದೆ, ಹೊಸ ಭಾಗವನ್ನು ಯಾವಾಗ ಬೇಕಾದರೂ ತೆಗೆಯಬಹುದು. ಒಂದೇ ತೊಡಕು: ಕರೆಂಟ್ ಕಡಿಮೆಯಾದಾಗ ಪಾಯಿಂಟಿನ ಮೇಲಿನ ಎಣ್ಣೆಯ ತೆಳುಪದರವೇ ತಡೆಯಾಗುತ್ತದೆ. ಓಡಿಸುವ ಮುನ್ನ ಪ್ರತಿಸಲ ಅಸಿಟೋನ್ ಮುಟ್ಟಿಸಿದ ಗಟ್ಟಿ ಕಾಗದ ಎಳೆಯಬೇಕು. ಎಂಜಿನ್ನಿಗೆ ಪ್ರತ್ಯೇಕ ಅರ್ತ್ ತಂತಿ ಇರಲಿ. ಪ್ಯಾನಿನ ಬಣ್ಣದ ಮೂಲಕ ಅರ್ತ್ ಸಿಗುತ್ತದೆಂದು ನಂಬಿದರೆ ಟ್ರಾನ್ಸಿಸ್ಟರ್ ಹೋಗುತ್ತದೆ.

ಟೈಮಿಂಗ್: ತಳ್ಳಿ ಸ್ಟಾರ್ಟ್ ಮಾಡುವಾಗ ಕಿಡಿ ತಡವಾಗಿರಲಿ, ಓಟಕ್ಕೆ ಪಿಸ್ಟನ್ ಮೇಲ್ತುದಿಗೆ ಬರುವುದಕ್ಕೆ 30 ಡಿಗ್ರಿಯಷ್ಟು ಮೊದಲು. ಟೈಮರಿನ ಹಿಡಿತದ ಸ್ಕ್ರೂ ಸಡಿಲವಿದ್ದರೆ ಕಂಪನಕ್ಕೆ ತಾನೇ ಸರಿಯುತ್ತದೆ.

ಟ್ಯಾಂಕ್: ಎಲ್ಲರೂ ಎಡವುವ ಜಾಗ

ಸೋರುವ ಮೂಲೆಗೆ ಬೆಸುಗೆ ಹಾಕುವ ಮೊದಲು ಒಳಗೆ ಮೆಥನಾಲ್ ಆವಿ ಇಲ್ಲದಂತೆ ಬಿಸಿನೀರಿನಿಂದ ತೊಳೆದು, ನೀರು ತುಂಬಿಕೊಂಡೇ ಬೆಸೆಯಬೇಕು. ಅದು ಸುಲಭದ ಕೆಲಸ. ಟ್ಯಾಂಕನ್ನು ಎಲ್ಲಿ ಕೂರಿಸುವುದು ಎಂಬುದೇ ಕಷ್ಟ.

ನಡುಗಂಬದಿಂದ 35 ಅಡಿ, ಅಂದರೆ 10.67 ಮೀಟರ್ ದೂರದಲ್ಲಿ ಗಂಟೆಗೆ 150 ಕಿ.ಮೀ. ವೇಗದಲ್ಲಿರುವ ಕಾರಿನೊಳಗೆ ಎಲ್ಲವೂ ಹೊರಬದಿಗೆ ತನ್ನ ತೂಕದ ಸುಮಾರು 17 ಪಟ್ಟು ಬಲದಿಂದ ಒತ್ತುತ್ತದೆ. ಗಂಟೆಗೆ 193 ಕಿ.ಮೀ.ಗೆ ಅದು 27 ಪಟ್ಟು. ಇಂಧನ ಟ್ಯಾಂಕಿನ ತಳದಲ್ಲಿ ನಿಲ್ಲುವುದಿಲ್ಲ, ಬಲಗೋಡೆಗೆ ನಿಲ್ಲುತ್ತದೆ. ಹಾಗಾಗಿ ಹೀರುವ ನಳಿಕೆಯ ತುದಿ ಟ್ಯಾಂಕಿನ ಬಲ ಹಿಂಮೂಲೆಯಲ್ಲಿರಬೇಕು. ಅಷ್ಟೇ ಸಾಲದು. ಇಂಧನದ ಮಟ್ಟ ಜೆಟ್ಟಿಗಿಂತ (ಕಾರ್ಬ್ಯುರೇಟರಿನಲ್ಲಿ ಇಂಧನ ಹೊರಬರುವ ತೂತು) 10 ಮಿ.ಮೀ. ಹೊರಗಿದ್ದರೆ, 27 ಪಟ್ಟು ಬಲದಲ್ಲಿ ಎಂಜಿನ್ 270 ಮಿ.ಮೀ. ಎತ್ತರಕ್ಕೆ ಹೀರಿದಂತೆ ಲೆಕ್ಕ. ನಿಂತಾಗ ಚೆನ್ನಾಗಿ ಓಡುವ ಎಂಜಿನ್ ವೇಗ ಹಿಡಿದ ಕೂಡಲೇ ಇಂಧನ ಸಾಲದೆ ಬತ್ತಿ, ಬಿಸಿಯಾಗಿ, ಪಿಸ್ಟನ್ ಹಿಡಿದುಕೊಳ್ಳುವುದು ಇದರಿಂದಲೇ. ಇಂಧನದ ಪ್ರಮಾಣ ಹೊಂದಿಸುವ ಸೂಜಿಯನ್ನು ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಪರಿಹಾರ: ಟ್ಯಾಂಕ್ ಅಡ್ಡಕ್ಕೆ ಕಿರಿದು, ಉದ್ದಕ್ಕೆ ಹೆಚ್ಚು ಇರಬೇಕು, ಅದರ ನಡುಗೆರೆ ಜೆಟ್ಟಿನ ನೇರಕ್ಕೆ ಅಥವಾ ತುಸು ಎಡಕ್ಕೆ ಬರಬೇಕು. ಈ ಕಾರಿನ ಟ್ಯಾಂಕ್ 28 ಮಿ.ಮೀ. ಅಗಲದ ಉದ್ದನೆಯ ಹಿತ್ತಾಳೆ ಪೆಟ್ಟಿಗೆ. ಹೆಸರಿಲ್ಲದ ಆ ಮೂಲ ಕೈಕೆಲಸದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಗೇರು, ಚಕ್ರ, ಟೈರು

ಎಂಜಿನ್ ಉದ್ದಕ್ಕೆ ಕೂತಿದ್ದರೆ ಬೆವೆಲ್ ಗೇರು, ಅಡ್ಡಕ್ಕೆ ಕೂತಿದ್ದರೆ ಸ್ಪರ್ ಗೇರು. ಇಲ್ಲಿ ಬೆವೆಲ್, ಅನುಪಾತ 1.5ಕ್ಕೆ 1. ಹಲ್ಲುಗಳಿಗೆ ಮಾರ್ಕಿಂಗ್ ನೀಲಿ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಯಲ್ಲಿ ಬಿದ್ದರೆ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಿ. ಹಲ್ಲುಗಳ ನಡುವೆ 0.05ರಿಂದ 0.10 ಮಿ.ಮೀ. ಆಟವಿರಲಿ. ಆಟವೇ ಇಲ್ಲದಂತೆ ಬಿಗಿ ಮಾಡಿದರೆ ಕೈಗೆ ನುಣುಪಾಗಿ ಅನ್ನಿಸಿದರೂ ಬಿಸಿಗೆ ಹಿಗ್ಗಿ ಹಲ್ಲು ಉದುರುತ್ತದೆ. ಫ್ಲೈವ್ಹೀಲ್ ತೆಗೆಯಲು ಪುಲ್ಲರ್ ಮಾತ್ರ.

ಹಳೆಯ ಟೈರು ಓಡಿಸಲು ಯೋಗ್ಯವಲ್ಲ. ಗಂಟೆಗೆ 190 ಕಿ.ಮೀ.ನಲ್ಲಿ 95 ಮಿ.ಮೀ. ವ್ಯಾಸದ ಚಕ್ರ ನಿಮಿಷಕ್ಕೆ ಸುಮಾರು 10,600 ಸುತ್ತು ತಿರುಗುತ್ತದೆ, ಎಂಜಿನ್ 15,900. ಆ ವೇಗದಲ್ಲಿ ಟೈರಿನ ಹೊರಮೈಯ ಒಂದೊಂದು ಗ್ರಾಂ ರಬ್ಬರೂ 6 ಕೆ.ಜಿ. ಭಾರದಷ್ಟು ಹೊರಕ್ಕೆ ಎಳೆಯುತ್ತದೆ. ಬಿರುಕುಬಿಟ್ಟ ರಬ್ಬರು ಇದನ್ನು ತಾಳುವುದಿಲ್ಲ, ಚೂರು ಗುಂಡಿನಂತೆ ಹಾರುತ್ತದೆ. ಹೊಸದಾಗಿ ಎರಕ ಹೊಯ್ದ ಟೈರು ಹಾಕಿ, ಎರಡು ಹೋಳಿನ ರಿಮ್ಮಿನ ನಡುವೆ ಬಿಗಿದು, ಪ್ರತಿ ಚಕ್ರವನ್ನು ಸಮತೂಕಕ್ಕೆ ತಂದದ್ದಾಯಿತು. ಮೂಲ ಟೈರುಗಳು ಪ್ರದರ್ಶನಕ್ಕೆ.

ಪ್ಯಾನ್‌ಹ್ಯಾಂಡಲ್ ಮತ್ತು ತಂತಿ

ಇದರಲ್ಲಿ ರಾಜಿ ಇಲ್ಲ. 3 ಕೆ.ಜಿ. ಕಾರು ಗಂಟೆಗೆ 150 ಕಿ.ಮೀ.ನಲ್ಲಿ ತಂತಿಯನ್ನು ಸುಮಾರು 50 ಕೆ.ಜಿ. ಭಾರದಷ್ಟು ಎಳೆಯುತ್ತದೆ. 193 ಕಿ.ಮೀ.ನಲ್ಲಿ 82 ಕೆ.ಜಿ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಈಗಿನ 10 ಸಿ.ಸಿ. ಕಾರುಗಳು ಗಂಟೆಗೆ 340 ಕಿ.ಮೀ. ದಾಟಿವೆ, ಅಲ್ಲಿ ಎಳೆತ ಕಾಲು ಟನ್ನಿಗೂ ಹೆಚ್ಚು.

ಬಾಗಿದ ಕೈಯನ್ನು ಬಿಚ್ಚಿ, ಕಣ್ಣಿಗೆ ಕಾಣದ ಬಿರುಕನ್ನು ತೋರಿಸುವ ಬಣ್ಣವಾದ ಡೈ ಪೆನೆಟ್ರಂಟ್ ಹಚ್ಚಿದಾಗ ಬುಡದ ಬೆಸುಗೆಯ ಪಕ್ಕ ಕೂದಲೆಳೆಯ ಕೆಂಪು ಗೆರೆ ಕಂಡಿತು. ನೇರ ಮಾಡಿ ಮತ್ತೆ ಬಳಸುವ ಮಾತೇ ಇಲ್ಲ. ಅದೇ ಆಕಾರದ ಹೊಸದನ್ನು ಅಲಾಯ್ ಉಕ್ಕಿನಲ್ಲಿ ಮಾಡಿ, 165 ಕೆ.ಜಿ. ತೂಕ ತೂಗುಹಾಕಿ ಪರೀಕ್ಷಿಸುವುದು ಸರಿಯಾದ ಕ್ರಮ: 193 ಕಿ.ಮೀ.ಗೆ ಬರುವ ಎಳೆತದ ಎರಡು ಪಟ್ಟು. ತಂತಿಗೂ ಅದರ ಕೊಂಡಿಗಳಿಗೂ ಇದೇ ಪರೀಕ್ಷೆ. ಒಮ್ಮೆ ಮಡಿಕೆ ಬಿದ್ದ ತಂತಿಯನ್ನು ಅಲ್ಲೇ ತುಂಡರಿಸಿ ಬಿಸಾಡಬೇಕು, ಬಿಡಿಸಿ ನೇರ ಮಾಡಿದರೂ ಅದರ ಬಲ ಹೋಗಿರುತ್ತದೆ.

ಕೈಯ ಜಾಗ ಸರಿಯಿದೆಯೇ ಎಂದು ನೋಡಲು ಸುಲಭ ಉಪಾಯ: ಇಂಧನ ಅರ್ಧ ತುಂಬಿ, ಇಡೀ ಕಾರನ್ನು ಆ ಕೊಂಡಿಯಿಂದ ತೂಗುಹಾಕಿ. ಕಾರು ಬಲಬದಿ ಕೆಳಗಾಗಿ, ಪ್ಯಾನಿನ ತಳ ನೆಟ್ಟಗೆ, ಮೂತಿ ಮತ್ತು ಬಾಲ ಒಂದೇ ಮಟ್ಟದಲ್ಲಿ ತೂಗಬೇಕು. ಕೊಂಡಿ ಭಾರಕೇಂದ್ರಕ್ಕಿಂತ ಮುಂದಿದ್ದರೆ ಓಟದಲ್ಲಿ ಮೂತಿ ಒಳಕ್ಕೆ ತಿರುಗುತ್ತದೆ, ಹಿಂದಿದ್ದರೆ ಹೊರಕ್ಕೆ. ಎರಡೂ ಟೈರನ್ನು ಅಡ್ಡಲಾಗಿ ಉಜ್ಜಿ ವೇಗ ತಿನ್ನುತ್ತವೆ. ಕೊಂಡಿ ಭಾರಕೇಂದ್ರಕ್ಕಿಂತ ಮೇಲಿದ್ದರೆ ಹೊರಚಕ್ರಗಳು ಏಳುತ್ತವೆ, ಕೆಳಗಿದ್ದರೆ ಒಳಚಕ್ರಗಳು. ಬ್ಯಾಟರಿ ಪೆಟ್ಟಿಗೆಯನ್ನು ಹಿಂದೆ ಮುಂದೆ ಸರಿಸಿ ಇದನ್ನು ಸರಿಮಾಡಿದ್ದಾಯಿತು. ಗ್ಲೋಗೆ ಬದಲಾದ ಹಳೆಯ ಕಾರುಗಳು ಕೆಲವೊಮ್ಮೆ ಕುಣಿಯುವುದು ಇದರಿಂದ: ಬ್ಯಾಟರಿ, ಕಾಯಿಲ್ ತೆಗೆದವರು ಪ್ಯಾನ್‌ಹ್ಯಾಂಡಲ್ ಸರಿಸಲಿಲ್ಲ.

ಓಟ

ಮೊದಲ ಓಟಗಳಿಗೆ ಮೆಥನಾಲ್ 70 ಭಾಗ, ಮೊದಲ ದರ್ಜೆಯ ಹರಳೆಣ್ಣೆ 30 ಭಾಗ. ಔಷಧಿಗೆ ಮಾರುವ, ಬೇರೆ ಎಣ್ಣೆ ಬೆರೆಸದ ಹರಳೆಣ್ಣೆಯಾದರೂ ನಡೆಯುತ್ತದೆ. ಮೋಟಾರು ಎಣ್ಣೆ ಮೆಥನಾಲಿನಲ್ಲಿ ಕರಗುವುದಿಲ್ಲ, ಬೇರೆಯಾಗಿ ತಳಕ್ಕೆ ಕೂರುತ್ತದೆ. ರಿಂಗು ಕೂತ ಮೇಲೆ ಮೆಥನಾಲ್ 3 ಭಾಗಕ್ಕೆ ಹರಳೆಣ್ಣೆ 1 ಭಾಗ. ಇಷ್ಟು ಹಳೆಯ ಎಂಜಿನ್ನಿಗೆ ನೈಟ್ರೊಮೀಥೇನ್ ಬೇಡ.

ಕ್ಲಚ್ ಇಲ್ಲದ್ದರಿಂದ ಕವಲುಕೋಲಿನಿಂದ ಹಿಂದಿನಿಂದ ತಳ್ಳಿಕೊಂಡು ಓಡಿ ಸ್ಟಾರ್ಟ್ ಮಾಡಬೇಕು. ಕಂಬದ ಬಳಿ ಒಬ್ಬರು ನಿಂತು ತಂತಿ ಹಿಡಿದು, ಕಾರು ವೇಗ ಹಿಡಿಯುವವರೆಗೆ ಎಳೆದು ಸಹಾಯ ಮಾಡುತ್ತಾರೆ. ಅವರು ಕಂಬಕ್ಕೆ ಅಂಟಿಕೊಂಡೇ ಇರಬೇಕು. ಉಳಿದವರೆಲ್ಲ ಜಾಲರಿ ಬೇಲಿಯ ಹೊರಗೆ. ನಿಲ್ಲಿಸಲು ಕಾರಿನ ಮೇಲೆ ಚಾಚಿಕೊಂಡಿರುವ ಕಡ್ಡಿಯನ್ನು ಪೊರಕೆಯಿಂದ ತಾಗಿಸಿದರೆ ಸ್ವಿಚ್ ಬೀಳುತ್ತದೆ. ಆ ಕಡ್ಡಿ ಮೊದಲು ಕೈಯಲ್ಲಿ ಹತ್ತಾರು ಸಲ ಸರಿಯಾಗಿ ಬಿದ್ದ ಮೇಲೆಯೇ ಕಾರನ್ನು ಬಿಡಿ.

ಅಮೆರಿಕದ ಟ್ರ್ಯಾಕಿನ ಸುತ್ತಳತೆ 220 ಅಡಿ, 6 ಸುತ್ತಿಗೆ ಕಾಲು ಮೈಲಿ. ಆ 6 ಸುತ್ತಿನ ಸೆಕೆಂಡುಗಳಿಂದ 1448ನ್ನು ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ: 9.66 ಸೆಕೆಂಡಾದರೆ ಸುಮಾರು 150. ಈ ಕಾರನ್ನು ಅದಕ್ಕಿಂತ ಹೆಚ್ಚು ಓಡಿಸುವ ಅಗತ್ಯ ಕಾಣುವುದಿಲ್ಲ. ಯುರೋಪಿನಲ್ಲಿ ಸುತ್ತಳತೆ 62.5 ಮೀಟರ್, 8 ಸುತ್ತಿಗೆ 500 ಮೀಟರ್, ಹಾಗಾಗಿ ಅಲ್ಲಿ 1800ನ್ನು ಭಾಗಿಸಬೇಕು.

ಸೂಜಿಯನ್ನು ನಿಂತಲ್ಲಿ ನಾಲ್ಕು ಬಡಿತಕ್ಕೊಮ್ಮೆ ಕೆಮ್ಮುವಷ್ಟು ಹೆಚ್ಚು ಇಂಧನಕ್ಕೆ ಇಟ್ಟು ಬಿಡಿ, ವೇಗ ಏರಿದಂತೆ ತಾನೇ ಹದಕ್ಕೆ ಬರುತ್ತದೆ. ಓಟ ಮುಗಿದ ಮೇಲೆ ಪ್ಲಗ್ಗಿನ ಬಣ್ಣ ನೋಡಿ: ಒದ್ದೆ ಕಂದು ಇದ್ದರೆ ಕ್ಷೇಮ, ಒಣಗಿ ಬಿಳಿಚಿದ್ದರೆ ಸೂಜಿ ಕಾಲು ಸುತ್ತು ತೆರೆಯಿರಿ.

ದಿನದ ಕೊನೆಗೆ ಟ್ಯಾಂಕ್ ಬಸಿದು, ಎಂಜಿನ್ನಿನಲ್ಲಿ ಉಳಿದ ಇಂಧನ ಸುಟ್ಟುಹೋಗುವಂತೆ ಓಡಿಸಿ, ಬಿಸಿಯಿರುವಾಗಲೇ ತೆಳುವಾದ ಮೆಷಿನ್ ಎಣ್ಣೆ ಕಾರ್ಬ್ಯುರೇಟರಿನಿಂದಲೂ ಪ್ಲಗ್ ತೂತಿನಿಂದಲೂ ಹಾಕಿ ತಿರುಗಿಸಬೇಕು. ಮೆಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಇದನ್ನು ತಪ್ಪಿಸಿದರೆ ಹೊಸ ಬೇರಿಂಗುಗಳಿಗೆ ಕೆಲವೇ ವಾರಗಳಲ್ಲಿ ತುಕ್ಕು ಹಿಡಿಯುತ್ತದೆ. ಸೆಲ್ಲುಗಳನ್ನು ಹೊರಗೆ ತೆಗೆದು, ಪಾಯಿಂಟುಗಳ ನಡುವೆ ಒಣ ಕಾಗದದ ತುಂಡಿಟ್ಟು, ತಂತಿಯನ್ನು ಒಂದು ಮೀಟರ್ ವ್ಯಾಸಕ್ಕೆ ಕಡಿಮೆಯಿಲ್ಲದ ಸುರುಳಿಯಾಗಿ ಸುತ್ತಿಡಿ. ಬದಲಿಸಿದ ಪ್ಯಾನ್‌ಹ್ಯಾಂಡಲ್, ಬೇರಿಂಗು, ಗ್ಯಾಸ್ಕೆಟ್, ಟೈರುಗಳನ್ನು ಅಳತೆಯ ಚೀಟಿಯೊಂದಿಗೆ ಕಾರಿನ ಪೆಟ್ಟಿಗೆಯಲ್ಲೇ ಇಡಬೇಕು. ಮುಂದೆ ಈ ಕಾರನ್ನು ಬಿಚ್ಚುವವರಿಗೆ ಯಾವುದು ಮೂಲ, ಯಾವುದು ಆಮೇಲಿನದು ಎಂಬುದಕ್ಕೆ ಅದೊಂದೇ ದಾಖಲೆ.